ಮಾವನ ಅರ್ಧ ಗಾಲ್ಫ್

ನಮ್ಮ ಮನೆಯಲ್ಲಿ ಗಾಲ್ಫ್ ಆಡುತ್ತಿದ್ದರು ಎಂದರೆ ನನ್ನ ಮೊಮ್ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಾರೆ. ಮುದುಕಿಗೆ ಅರಳುಮರಳು ಶುರುವಾಯಿತೋ ಏನೋ ಎಂಬ ನೋಟ ಅದು. ಅವರ ತಪ್ಪಲ್ಲ. ಮೂಡುಬಿದಿರೆಯ ಬಸದಿಗಳ ಬೀದಿಯಲ್ಲಿ, ಈರುಳ್ಳಿಗೂ ಪ್ರವೇಶವಿಲ್ಲದ ಮನೆಯಲ್ಲಿ, ನನ್ನ ಅಜ್ಜಿಯ ಕಣ್ಣೆದುರು ಗಾಲ್ಫ್ ಎಂದರೆ ಯಾರು ನಂಬುತ್ತಾರೆ? ಆದರೆ ಆಡುತ್ತಿದ್ದದ್ದು ನಿಜ. ಪೂರ್ತಿ ಅಲ್ಲ, ಅರ್ಧ. ಕೋಲನ್ನು ಹಿಂದಕ್ಕೆ ಎತ್ತುವವರೆಗಿನದ್ದು ಮಾತ್ರ ನಮ್ಮ ಗಾಲ್ಫ್. ಚೆಂಡಿಗೆ ಹೊಡೆಯುವ ಉಳಿದರ್ಧ ನಮ್ಮ ಅಂಗಳಕ್ಕೆ ಬರಲೇ ಇಲ್ಲ. ಆ ಅರ್ಧದ ವಿಷಯ ಹೇಳಬೇಕಾದರೆ ಮೊದಲು ನನ್ನ ಬಲಗೈಯ ವಿಷಯ ಹೇಳಬೇಕು.

ಮನೆ ಅಜ್ಜಿಯದು, ಅಂದರೆ ಅಮ್ಮನ ತಾಯಿಯದು. ನಮ್ಮಲ್ಲಿ ಆಗ ಮನೆಯೆಂಬುದು ತಾಯಿಯಿಂದ ಮಗಳಿಗೆ ಇಳಿದು ಬರುತ್ತಿತ್ತು. ಅಪ್ಪ ಬಂಟ್ವಾಳ ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟುಕೊಂಡು ಅಲ್ಲೇ ಉಳಿದಿದ್ದರು. ಭಾನುವಾರ ಬಸ್ಸು ಹತ್ತಿ, ಹೆಗಲಿಗೆ ಚೀಲ ಹಾಕಿಕೊಂಡು, ಹೆಂಡತಿಯ ಮನೆಗೆ ನೆಂಟರ ಹಾಗೆ ಬರುತ್ತಿದ್ದರು. ಉಳಿದ ದಿನ ಮನೆ ನಡೆಯುವುದು ಅಜ್ಜಿಯ ಮಾತಿನ ಮೇಲೆ. ಹೊತ್ತು ಮುಳುಗುವ ಮೊದಲೇ ರಾತ್ರಿಯ ಊಟ ಆಗಬೇಕು. ನೆಲದಡಿಯಲ್ಲಿ ಬೆಳೆದದ್ದು ಯಾವುದೂ ಒಲೆಗೆ ಏರಬಾರದು. ಮಳೆಗಾಲದಲ್ಲಿ ಸೊಪ್ಪು ಬೇಡ, ಎಲೆಯಡಿ ಹುಳ ಇರುತ್ತದೆ. ಇದೆಲ್ಲಕ್ಕಿಂತ ದೊಡ್ಡದು ನೀರಿನ ಕೆಲಸ. ಅಜ್ಜಿ ಕುಡಿಯುವುದು ಮನೆಯ ಹೆಂಗಸರು ಸ್ನಾನ ಮಾಡಿ ಸೇದಿದ, ದಪ್ಪ ಬಟ್ಟೆಯಲ್ಲಿ ಸೋಸಿದ ನೀರು ಮಾತ್ರ. ಹೆಣ್ಣುಮಗು ಹತ್ತು ವರ್ಷಕ್ಕೆ ಬಂತೆಂದರೆ ಅವಳ ಕೈಗೆ ಹಗ್ಗ ಕೊಡುತ್ತಿದ್ದರು. ಹಗ್ಗ ಸಿಕ್ಕಿದವಳು ದೊಡ್ಡವಳು, ಸಿಗದವಳು ಚಿಕ್ಕವಳು, ನಮ್ಮ ಮನೆಯಲ್ಲಿ ವಯಸ್ಸಿನ ಲೆಕ್ಕ ಅಷ್ಟೆ. ನನಗಿಂತ ಸ್ವಲ್ಪವೇ ದೊಡ್ಡವಳಾದ ಅಕ್ಕ ಬೆಳಿಗ್ಗೆ ಒದ್ದೆ ತಲೆಗೆ ಬಟ್ಟೆ ಸುತ್ತಿಕೊಂಡು ಬಾವಿಕಟ್ಟೆಗೆ ಹೋಗುವಾಗ ಅವಳ ನಡೆಯೇ ಬೇರೆಯಾಗುತ್ತಿತ್ತು. ನನಗೆ ಹೊಟ್ಟೆಕಿಚ್ಚು. ಮುಂದಿನ ವರ್ಷ ನನ್ನ ಸರದಿ ಎಂದು ಕಾಯುತ್ತಿದ್ದೆ.

ಅಷ್ಟರಲ್ಲಿ ಬಿದ್ದೆ. ಉಪ್ಪರಿಗೆಯಿಂದ ಹಪ್ಪಳದ ಡಬ್ಬ ತರುವಾಗ ಏಣಿಯ ಮೆಟ್ಟಿಲು ಜಾರಿತು, ಬಲ ಮೊಣಕೈ ನನ್ನ ಮೈಯಡಿಗೆ ಸಿಕ್ಕಿಬಿಟ್ಟಿತು. ಬೆಳ್ತಂಗಡಿಯ ಕಡೆಯಿಂದ ಎಲುಬು ಕಟ್ಟುವವರೊಬ್ಬರನ್ನು ಕರೆಸಿದರು. ಅವರು ಬಿದಿರಿನ ಸೀಳು, ಬಟ್ಟೆ, ಏನೇನೋ ಸೊಪ್ಪಿನ ಮುದ್ದೆ ಎಲ್ಲ ಹರಡಿಕೊಂಡು, ಕೊನೆಗೆ ತಮ್ಮ ಚೀಲದಿಂದ ಮೊಟ್ಟೆ ತೆಗೆದರು.

"ಅದನ್ನು ಒಳಗಿಡಿ," ಎಂದರು ಅಜ್ಜಿ.

"ಇದರ ಲೋಳೆ ಹಾಕದಿದ್ದರೆ ಪಟ್ಟು ಗಟ್ಟಿ ನಿಲ್ಲುವುದಿಲ್ಲ ಅಮ್ಮಾ."

"ನಮ್ಮ ಮನೆಯ ಮಗುವಿನ ಮೈಗೆ ಮೊಟ್ಟೆ ತಾಗುವುದಿಲ್ಲ. ಉದ್ದಿನ ಹಿಟ್ಟು ಉಂಟು, ಎಷ್ಟು ಬೇಕು ಹೇಳಿ."

ಉದ್ದಿನ ಹಿಟ್ಟಿನಲ್ಲೇ ಕಟ್ಟಿದರು. ಅದು ನಿಂತಿತು, ನಿಂತದ್ದು ಸ್ವಲ್ಪ ಹೆಚ್ಚೇ ಆಯಿತು. ಒಣಗಿದ ಮೇಲೆ ಕಲ್ಲಿನ ಹಾಗೆ. ಒಂದು ತಿಂಗಳು ಕಳೆದು ಬಿಚ್ಚಿ ಎಂದು ಹೇಳಿ ಅವರು ಹೋದರು. ತಿಂಗಳು ಕಳೆದಾಗ ಅಜ್ಜಿ ದಿನ ನೋಡಿಸಿದರು. ಆ ವಾರ ನನ್ನ ನಕ್ಷತ್ರಕ್ಕೆ ಆಗುವುದಿಲ್ಲವೆಂದಾಯಿತು. ಮುಂದೆ ಅಮಾವಾಸ್ಯೆ. ಅದಾದ ಮೇಲೆ ದೂರದ ಒಬ್ಬ ದೊಡ್ಡಪ್ಪ ತೀರಿಕೊಂಡು ಮನೆಗೆ ಸೂತಕ. ಪ್ರೀತಿ ಇಲ್ಲದೆ ಮಾಡಿದ್ದಲ್ಲ. ಒಳ್ಳೆಯ ದಿನವೇ ಆಗಲಿ ಎಂಬ ಆಸೆಯಿಂದಲೇ ಅಷ್ಟು ದಿನ ದಾಟಿತು. ಕೊನೆಗೆ ಬಿಸಿನೀರು ಹೊಯ್ದು ಪಟ್ಟು ಬಿಡಿಸಿದಾಗ ಎಲುಬು ಕೂಡಿತ್ತು, ಕೈ ಮಾತ್ರ ಕಟ್ಟಿದ ಹಾಗೆಯೇ ಮಡಚಿ ನಿಂತಿತ್ತು. ಬಾಯಿಗೆ ಅನ್ನ ಹೋಗುತ್ತಿತ್ತು, ಆದರೆ ಕೈ ಮುಂದೆ ಚಾಚಲು ಆಗುತ್ತಿರಲಿಲ್ಲ. ಬಸದಿಯಲ್ಲಿ ಗಂಧೋದಕದ ತೀರ್ಥಕ್ಕೆ ಎಲ್ಲರೂ ಇದ್ದಲ್ಲಿಂದ ಕೈ ನೀಡಿದರೆ ನಾನು ಅರ್ಚಕರಾದ ಇಂದ್ರರ ಹತ್ತಿರ ಹತ್ತಿರ ಹೋಗಿ, ಎದೆಗೆ ಅಂಟಿದ ಕೈಯನ್ನು ತೋರಿಸಬೇಕಿತ್ತು. ಹೆಂಗಸರು ಪಾಪ ಎನ್ನುತ್ತಿದ್ದರು. ನನಗೆ ಆ ಪಾಪ ಎಂಬ ಮಾತು ನೋವಿಗಿಂತ ಹೆಚ್ಚು ಉರಿಯುತ್ತಿತ್ತು.

ಅಪ್ಪ ಸಿಟ್ಟಿನಲ್ಲಿ ನನ್ನನ್ನು ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು ವಯಸ್ಸಾದವರು, ಮೆಲುಮಾತಿನವರು. ಕೈಯನ್ನು ಆಚೆ ಈಚೆ ನೋಡಿ, ಯಾರೂ ಹಿಡಿದು ಎಳೆಯಬೇಡಿ, ಎಣ್ಣೆ ತಿಕ್ಕಬೇಡಿ, ಅವಳಾಗಿಯೇ ಆಡಿಸಲಿ ಎಂದರು. ದೀಪಾವಳಿ ಕಳೆದ ಮೇಲೆ ಕರೆದುಕೊಂಡು ಬನ್ನಿ. ಆಗಲೂ ಹೀಗೆಯೇ ಇದ್ದರೆ ಮದ್ದು ಕೊಟ್ಟು ಮಲಗಿಸಿ, ಮುರಿದು, ಮತ್ತೆ ಕೂಡಿಸಬೇಕಾಗುತ್ತದೆ. ಅದೂ ಸರಿಯಾಗುತ್ತದೆಂದು ಖಂಡಿತ ಹೇಳಲು ಬರುವುದಿಲ್ಲ. ಡಾಕ್ಟರು ಇದನ್ನು ಅಪ್ಪನಿಗೆ ತಗ್ಗಿದ ದನಿಯಲ್ಲಿ ಹೇಳಿದರು, ಮಕ್ಕಳಿಗೆ ಕೇಳಿಸುವುದೇ ತಗ್ಗಿದ ದನಿ ಎಂಬುದು ದೊಡ್ಡವರಿಗೆ ಯಾವತ್ತೂ ಗೊತ್ತಾಗುವುದಿಲ್ಲ. ಮುರಿಯುವುದು ಎಂಬ ಮಾತನ್ನು ನಾನು ಬಸ್ಸಿನುದ್ದಕ್ಕೂ ಹೊತ್ತುಕೊಂಡು ಬಂದೆ. ಮನೆಯಲ್ಲಿ ಅಮ್ಮ ಕಟ್ಟಿಗೆ ಮುರಿಯುವ ಸದ್ದಿಗೂ ಹೆದರುತ್ತಿದ್ದೆ.

ಮಾವ ಬಂದದ್ದು ಆ ಹೊತ್ತಿಗೆ. ಅಮ್ಮನ ಅಣ್ಣ. ಚಾರ್ಮಾಡಿ ಘಾಟಿಯ ಮೇಲಿನ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು, ಅಂದರೆ ಕಚೇರಿಯ ಗುಮಾಸ್ತ. ತೋಟದ ದೊರೆ ತೋಟ ಮಾರಿ ತನ್ನ ದೇಶಕ್ಕೆ ಹೊರಟುಹೋದ. ಹೊಸ ಯಜಮಾನರು ತಮ್ಮದೇ ಜನ ತಂದರು. ಮಾವ ಒಂದು ಟ್ರಂಕು, ಒಂದು ಕಂಬಳಿ, ದೊರೆ ಹೋಗುವಾಗ ಕೊಟ್ಟ ಒಂದು ಗಾಲ್ಫ್ ಕೋಲು ಹಿಡಿದುಕೊಂಡು ಬೆಳ್ತಂಗಡಿಯ ಬಸ್ಸಿನಲ್ಲಿ ಇಳಿದು ಬಂದರು. ಮದುವೆಯಾಗಿರಲಿಲ್ಲ, ಮಾತು ಕಡಿಮೆ, ಮೀಸೆ ದೊಡ್ಡದು. ಆ ಕೋಲಿನ ತುದಿಯಲ್ಲಿ ಕಬ್ಬಿಣದ ಚಪ್ಪಟೆ ತಲೆ, ಹಿಡಿಯಲ್ಲಿ ಸವೆದ ಚರ್ಮ. ಅದನ್ನು ಚಾವಡಿಯ ಬಾಗಿಲ ಹಿಂದೆ ಒರಗಿಸಿದರು. ಹಾವು ಹೊಡೆಯಲು ತಂದದ್ದೆಂದು ಅಜ್ಜಿ ಅಂದುಕೊಂಡು, ಬಂದ ದಿನವೇ ಅದನ್ನು ಹೊರಗಿಡಿಸಲು ನೋಡಿದರು.

"ಹಾವಿಗಲ್ಲ ಅಮ್ಮ, ಆಟಕ್ಕೆ."

"ಕಬ್ಬಿಣದ ತಲೆಯ ಕೋಲಿನಲ್ಲಿ ಎಂಥ ಆಟ ಮಾರಾಯ?"

ಹೊತ್ತು ಮುಳುಗುವ ಮುಂಚೆ ಊಟ ಮುಗಿಯುವ ಮನೆಯಲ್ಲಿ ಊಟಕ್ಕೂ ಕತ್ತಲೆಗೂ ನಡುವೆ ಒಂದು ಖಾಲಿ ಹೊತ್ತು ಉಳಿಯುತ್ತದೆ. ಬೆಳಕು ಉಂಟು, ಕೆಲಸ ಇಲ್ಲ. ಮಾವ ಆ ಹೊತ್ತಿಗೆ ಅಂಗಳದ ಆಚೆ ಹುಲ್ಲಿನ ಜಾಗಕ್ಕೆ ಹೋಗಿ ಕೋಲು ಎತ್ತಿ ಬೀಸಿದರು. ಮೊದಲ ಬೀಸಿಗೇ ಒಂದು ಹೆಂಟೆ ಹುಲ್ಲು ಬೇರು ಸಮೇತ ಹಾರಿ ಅಜ್ಜಿಯ ಕಾಲ ಬಳಿ ಬಿತ್ತು. ಅದರೊಳಗೆ ಒಂದು ಎರೆಹುಳ. ಅಜ್ಜಿ ಬಗ್ಗಿ ಅದನ್ನು ಒಂದು ಎಲೆಯ ಮೇಲೆ ತೆಗೆದುಕೊಂಡು, ಒದ್ದೆ ಮಣ್ಣು ಹುಡುಕಿ ಬಿಟ್ಟುಬಂದರು. ಮಾವ ತಲೆ ತಗ್ಗಿಸಿ ನಿಂತಿದ್ದರು. ಅಷ್ಟು ದೊಡ್ಡ ಮೀಸೆಯವರು ತಲೆ ತಗ್ಗಿಸಿದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಎತ್ತು, ಬೇಡ ಅನ್ನುವುದಿಲ್ಲ," ಎಂದರು ಅಜ್ಜಿ. "ಕೆಳಗೆ ಹೊಡೆಯಬೇಡ. ನೆಲದಲ್ಲಿ ನಿನ್ನ ಕಣ್ಣಿಗೆ ಕಾಣದ್ದು ತುಂಬ ಉಂಟು."

ಬೇರೆಯವರಾದರೆ ಕೋಲನ್ನು ಅಟ್ಟಕ್ಕೆ ಎಸೆಯುತ್ತಿದ್ದರು. ಮಾವ ಹಾಗಲ್ಲ. ಎತ್ತು ಎಂದು ತಾಯಿಯೇ ಅಂದಿದ್ದಾರಲ್ಲ, ಎತ್ತುವ. ಅವತ್ತಿನಿಂದ ಅವರ ಗಾಲ್ಫ್ ಎತ್ತುವುದರಲ್ಲಿ ನಿಂತುಹೋಯಿತು. ಎರಡೂ ಕೈಯಲ್ಲಿ ಕೋಲು ಹಿಡಿದು, ನಿಧಾನವಾಗಿ ಬಲಕ್ಕೆ ತಿರುಗಿ, ಕೋಲು ತಲೆಯ ಹಿಂದೆ ಹೋಗುವವರೆಗೆ ಎತ್ತಿ, ಅಲ್ಲಿ ಒಂದು ಉಸಿರು ನಿಲ್ಲಿಸಿ, ಮಲಗಿದ ಮಗುವನ್ನು ತೊಟ್ಟಿಲಿಗೆ ಹಾಕುವ ಹಾಗೆ ಮೆಲ್ಲ ಇಳಿಸುತ್ತಿದ್ದರು. ಬೀದಿಯಲ್ಲಿ ಹೋಗುವವರಿಗೆ ಪುಕ್ಕಟೆ ಮನರಂಜನೆ. ಎದುರು ಮನೆಯ ಬಳೆ ವ್ಯಾಪಾರಿ ದಿನಾ ಗೇಟಿಗೆ ಒರಗಿ ಕೇಳುವುದಿತ್ತು.

"ಯಾರಿಗೆ ಹೊಡೆಯಲಿಕ್ಕೆ ಎತ್ತಿದ್ದು ರೈಟರೇ? ನಿನ್ನೆಯಿಂದ ನೋಡ್ತಾ ಇದ್ದೇನೆ, ಪೆಟ್ಟು ಬೀಳುವುದೇ ಇಲ್ಲವಲ್ಲ."

"ಪೆಟ್ಟು ಘಾಟಿಯ ಮೇಲೆಯೇ ಉಳಿಯಿತು," ಎನ್ನುತ್ತಿದ್ದರು ಮಾವ.

ಅಸಲಿಗೆ ಅವರು ಘಾಟಿಯ ಮೇಲೂ ಒಂದು ಚೆಂಡಿಗೆ ಹೊಡೆದವರಲ್ಲ. ದೊರೆಗೆ ಆಡುವಾಗ ಎಡಗೈ ಮಡಚುವ ಅಭ್ಯಾಸವಿತ್ತಂತೆ. ಕೋಲು ಎತ್ತುವಾಗ ಎಡಗೈ ಉದ್ದಕ್ಕೆ ಇರಬೇಕು, ಮಡಚಿದರೆ ಚೆಂಡು ಕಾಡಿಗೆ ಹೋಗುತ್ತದೆ. ಅದಕ್ಕೆ ದೊರೆ ಪ್ರತಿ ಸಂಜೆ ಮಾವನನ್ನು ಎದುರು ನಿಲ್ಲಿಸಿ, ನನ್ನ ಕೈ ಮಡಚಿತೋ ನೋಡಿ ಹೇಳು ಎನ್ನುತ್ತಿದ್ದ. ವರ್ಷಗಟ್ಟಲೆ ಮಾವ ನೋಡಿದ್ದು ಅದೊಂದನ್ನೇ. ಎಡಗೈ ಚಾಚಿಯೇ ಎದೆಯ ಅಡ್ಡಕ್ಕೆ ಹೋಗಬೇಕು. ಬಲಗೈ ಮಡಚಬೇಕು, ಅದರ ಮೊಣಕೈ ನೆಲ ನೋಡಬೇಕು, ಕಂಕುಳಲ್ಲಿ ಒಂದು ಪಾಣಿಪಂಚೆ ಸಿಕ್ಕಿಸಿದರೆ ಅದು ಬೀಳಬಾರದು. ಎಡ ಭುಜ ಗಲ್ಲದ ಕೆಳಗೆ ಬಂದಾಗ ಸಾಕು. ಇಷ್ಟು ಅವರಿಗೆ ಬಾಯಿಪಾಠ. ಆಮೇಲೆ ಚೆಂಡು ಎಲ್ಲಿಗೆ ಹೋಗುತ್ತದೆಂಬುದು ದೊರೆಯ ತಲೆನೋವು.

ನಾನು ಅವರ ಎದುರು ನಿಂತದ್ದು ಬರೀ ಬೇಸರಕ್ಕೆ. ಹಪ್ಪಳಕ್ಕೆ ಬರುವ ಕಾಗೆ ಓಡಿಸುವ ಬಿದಿರು ಕೋಲು ಹಿಡಿದುಕೊಂಡು ಅಣಕಿಸಲು ಶುರು ಮಾಡಿದೆ. ಕನ್ನಡಿಯಲ್ಲಿ ನೋಡಿದ ಹಾಗೆ ಮಾಡಿದೆ: ಅವರು ತಮ್ಮ ಬಲಕ್ಕೆ ಎತ್ತಿದರೆ ನಾನು ನನ್ನ ಎಡಕ್ಕೆ. ಮಾವ ಮೊದಲ ದಿನ ನೋಡಿ, ಅದು ಎಡಗೈಯವರ ಕ್ರಮ ಆಯಿತು, ಈಚೆಗೆ ಬಂದು ನನ್ನ ಬದಿಯಲ್ಲಿ ನಿಲ್ಲು ಎಂದು ನನ್ನ ಭುಜ ಹಿಡಿದು ತಿರುಗಿಸಿದರು. ತಿರುಗಿಸಿದವರು ಹಾಗೇ ನಿಂತರು. ನನ್ನ ಬಲಗೈ ನೋಡಿದರು, ತಮ್ಮ ಎಡಗೈ ನೋಡಿದರು. ಮತ್ತೆ ನನ್ನನ್ನು ಮೊದಲಿನ ಜಾಗದಲ್ಲೇ ನಿಲ್ಲಿಸಿದರು.

"ನೀನು ಮಾಡಿದ್ದೇ ಸರಿ. ಎದುರೇ ನಿಲ್ಲು," ಎಂದರು. "ನಿನ್ನದು ಉದ್ದ ಹೋಗಬೇಕಾದ್ದು ಬಲಗೈ ಅಲ್ಲವಾ? ಆಗಲಿ. ಎಷ್ಟು ಹೋಗ್ತದೋ ಅಷ್ಟು."

ಹೀಗೆ ನಮ್ಮ ಮನೆಯಲ್ಲಿ ಗಾಲ್ಫಿಗೆ ಇಬ್ಬರಾದೆವು. ಬಲಗೈ ಮೇಲೆ, ಎಡಗೈ ಅದರ ಕೆಳಗೆ. ಬಲಗೈ ತನ್ನಷ್ಟಕ್ಕೆ ಎದೆಯಾಚೆ ಹೋಗುವಾಗ ಎಡಗೈ ಕೋಲನ್ನು ಮೆಲ್ಲ ಹಿಂದಕ್ಕೆ ಕೊಂಡುಹೋಗುತ್ತಿತ್ತು, ತಂಗಿಯನ್ನು ಶಾಲೆಗೆ ಕರೆದೊಯ್ಯುವ ಅಕ್ಕನ ಹಾಗೆ. ನೋವಾದಲ್ಲಿ ನಿಲ್ಲಬೇಕು, ಮಾವನ ನಿಯಮ ಅದು. ಅವರು ನನ್ನ ಕೈಯನ್ನು ಒಂದು ದಿನವೂ ಮುಟ್ಟಲಿಲ್ಲ. ಎದುರು ನಿಂತು ತಮ್ಮದನ್ನು ಎತ್ತಿ ತೋರಿಸುತ್ತಿದ್ದರು, ಅಷ್ಟೆ.

ಭಾನುವಾರ ಅಪ್ಪ ಬಂದು ಇದನ್ನು ನೋಡಿದರು. ನೋಡಿ ಚಪ್ಪಲಿ ಕೂಡ ಬಿಚ್ಚಲಿಲ್ಲ.

"ಭಾವ, ಅದು ಹುಡುಗಿಯ ಕೈ. ನಿಮ್ಮ ದೊರೆಯ ಆಟದ ಸಾಮಾನಲ್ಲ. ಒಮ್ಮೆ ಉದ್ದಿನ ಹಿಟ್ಟು ಆಯಿತು, ಈಗ ಇದೊಂದಾ?"

ಒಳಗೆ ಅಜ್ಜಿಗೂ ಕೇಳಲಿ ಎಂದೇ ಹೇಳಿದ ಮಾತು. ಅಜ್ಜಿ ಅಡಿಗೆಮನೆಯಲ್ಲಿ ಪಾತ್ರೆಯನ್ನು ಸ್ವಲ್ಪ ಜೋರಾಗಿ ಇಟ್ಟರು.

"ನಾನು ಎಳೆಯುವುದಿಲ್ಲ ಭಾವ," ಎಂದರು ಮಾವ. "ಅವಳೇ ಎತ್ತುತ್ತಾಳೆ, ಅವಳೇ ಇಳಿಸುತ್ತಾಳೆ. ಡಾಕ್ಟರು ಹೇಳಿದ್ದೂ ಅದನ್ನೇ ಅಲ್ಲವಾ?"

ಊಟದ ಮೇಲೆ ಅಪ್ಪ ನನ್ನನ್ನು ಕರೆದು, ಚಾವಡಿಯ ಗೋಡೆಗೆ ಭುಜ ತಾಗಿಸಿ ನಿಲ್ಲಿಸಿ, ಕೈ ಚಾಚು ಎಂದರು. ಜೇಬಿನಿಂದ ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣ ತೆಗೆದು ನನ್ನ ಬೆರಳ ತುದಿ ಮುಟ್ಟಿದಲ್ಲಿ ಒಂದು ಗೆರೆ ಎಳೆದರು. ಜವಳಿಯವರಿಗೆ ಅಳೆಯದ ಮಾತಿನ ಮೇಲೆ ನಂಬಿಕೆ ಕಡಿಮೆ. ಮುಂದಿನ ಭಾನುವಾರ ಗೆರೆ ಕೂದಲೆಳೆಯಷ್ಟು ಆಚೆ ಹೋಯಿತು. ಅದರ ಮುಂದಿನ ವಾರ ಇನ್ನೊಂದಿಷ್ಟು. ಆಟಿ ತಿಂಗಳ ಮಳೆಯಲ್ಲಿ ಅಂಗಳ ಬಿಟ್ಟು ಚಾವಡಿಯಲ್ಲೇ ಎತ್ತುತ್ತಿದ್ದೆವು, ದೀಪದ ಗಾಜಿಗೆ ತಾಗೀತೆಂದು ಅಮ್ಮ ಅದನ್ನು ತೆಗೆದು ಒಳಗಿಡುತ್ತಿದ್ದಳು. ಸುಣ್ಣದ ಗೋಡೆಯ ಮೇಲೆ ನೀಲಿ ಗೆರೆಗಳು ಒಂದರ ಪಕ್ಕ ಒಂದು ಕೂತವು.

ಮಳೆ ತಗ್ಗುವ ಹೊತ್ತಿಗೆ ಗೆರೆ ನಿಂತುಹೋಯಿತು. ಒಂದು ಭಾನುವಾರ ಅದೇ ಜಾಗ, ಮತ್ತೊಂದು ಭಾನುವಾರವೂ ಅದೇ ಜಾಗ. ದೀಪಾವಳಿ ಹತ್ತಿರ ಬರುತ್ತಿತ್ತು. ಅಮ್ಮನಿಗೆ ತಡೆಯಲಾಗಲಿಲ್ಲ. ಮಾವ ಮನೆಯಲ್ಲಿಲ್ಲದಾಗ ಒಂದು ಕೊಡಪಾನ ತುಂಬ ನೀರು ತುಂಬಿ ನನ್ನ ಬಲಗೈಗೆ ಕೊಟ್ಟು, ತೂಗಿಸಿಕೊಂಡು ನಿಲ್ಲು ಮಗಾ, ಭಾರಕ್ಕೆ ಬಿಡುತ್ತದೆ ಎಂದಳು. ನಾನು ಹಲ್ಲು ಕಚ್ಚಿ ನಿಂತೆ. ಮುರಿಸಿಕೊಳ್ಳುವುದಕ್ಕಿಂತ ಇದು ವಾಸಿ ಅನಿಸಿತ್ತು. ಸಂಜೆಗೆ ಮೊಣಕೈ ಊದಿ ಕೆಂಪಾಯಿತು, ಆ ಭಾನುವಾರ ಬೆರಳು ಹಿಂದಿನ ಎಷ್ಟೋ ಗೆರೆಗಳ ಈಚೆಗೇ ನಿಂತಿತು. ಅಪ್ಪ ಸೀಮೆಸುಣ್ಣವನ್ನು ಹಾಗೇ ಜೇಬಿಗೆ ಹಾಕಿಕೊಂಡರು. ಅಮ್ಮ ಒಲೆಯೆದುರು ಕೂತು ಹೊಗೆಯ ನೆಪದಲ್ಲಿ ಕಣ್ಣೊರಸಿಕೊಳ್ಳುತ್ತಿದ್ದಳು. ನನಗೆ ಅವತ್ತು ಎಲ್ಲ ಮುಗಿಯಿತು ಅನಿಸಿತು. ಆಸ್ಪತ್ರೆಯ ಮಂಚ, ಮದ್ದಿನ ವಾಸನೆ, ಮುರಿಯುವ ಸದ್ದು, ಎಲ್ಲ ಚಾವಡಿಗೇ ಬಂದು ಕೂತ ಹಾಗಿತ್ತು.

ಊತ ಇಳಿಯುವವರೆಗೆ ಮಾವ ನನಗೆ ಕೋಲು ಮುಟ್ಟಲು ಬಿಡಲಿಲ್ಲ. ಇಳಿದ ಮೇಲೆ, ಬಿದಿರು ಕೋಲು ತೆಗೆದಿಟ್ಟು ತಮ್ಮ ಕೋಲನ್ನೇ ನನ್ನ ಕೈಗೆ ಕೊಟ್ಟರು.

"ಇಷ್ಟು ದಿನ ನೀನು ಕೈಯನ್ನು ಎತ್ತುತ್ತಾ ಇದ್ದೆ," ಎಂದರು. "ಅದಕ್ಕೇ ನಿಂತದ್ದು. ದೊರೆಗೂ ಹಾಗೇ ಆಗುತ್ತಿತ್ತು. ಕೈ ಉದ್ದ ಇರಬೇಕು ಅಂತ ಸೆಟೆದು ಹಿಡಿಯುತ್ತಿದ್ದ. ಸೆಟೆದ ಕೈ ಎಲ್ಲಿಗೂ ಹೋಗುವುದಿಲ್ಲ, ಶಾಂತಿ. ಕೈಯನ್ನು ಮರೆತುಬಿಡು. ಬೆನ್ನು ತಿರುಗಿಸು. ಭುಜ ಗಲ್ಲದ ಕೆಳಗೆ ಬರಲಿ. ಕೈ ಅದರ ಹಿಂದೆ ತಾನೇ ಬರ್ತದೆ."

"ಬಾರದಿದ್ದರೆ?"

"ಇವತ್ತು ಬಾರದಿದ್ದರೆ ನಾಳೆ ಎತ್ತುವ. ನಮಗೆ ಹೊಡೆಯಲಿಕ್ಕೆ ಇಲ್ಲವಲ್ಲ, ಅವಸರ ಎಂಥದ್ದು?"

ನಾನು ಎಷ್ಟೋ ಜನರಿಂದ ಏನೇನೋ ಕಲಿತಿದ್ದೇನೆ. ಮಕ್ಕಳನ್ನು ಹೆತ್ತು, ಶಾಲೆಯಲ್ಲಿ ಪಾಠ ಮಾಡಿ, ಗಂಡನ ಮನೆಯ ಜಗಳಗಳನ್ನು ದಾಟಿ ಬಂದಿದ್ದೇನೆ. ಹಲ್ಲು ಕಚ್ಚಿ ಮಾಡಿದ ಕೆಲಸಕ್ಕಿಂತ ಬೆನ್ನು ತಿರುಗಿಸಿ ಮಾಡಿದ ಕೆಲಸ ನನಗೆ ಹೆಚ್ಚು ಒಲಿದಿದೆ. ಅದನ್ನು ಕಲಿತದ್ದು ಆ ಸಂಜೆಗಳಲ್ಲಿ. ಕೋಲಿನ ಕಬ್ಬಿಣದ ತಲೆಗೆ ಸ್ವಲ್ಪವೇ ಭಾರ. ನಾನು ತಿರುಗಿದರೆ ಅದು ತನ್ನಷ್ಟಕ್ಕೆ ಹಿಂದೆ ಹೋಗುತ್ತಿತ್ತು, ಹೋಗುವಾಗ ನನ್ನ ಕೈಯನ್ನೂ ಕರೆಯುತ್ತಿತ್ತು. ಒಂದು ಸಂಜೆ ಮೇಲೆ ನಿಲ್ಲಿಸಿದ ಉಸಿರಿನಲ್ಲಿ ಮೊಣಕೈಯೊಳಗೆ ಏನೋ ಬೆಚ್ಚಗೆ ಸಡಿಲಿದ ಹಾಗಾಯಿತು. ನೋವಲ್ಲ. ನಾನು ಯಾರಿಗೂ ಹೇಳಲಿಲ್ಲ, ಹೇಳಿದರೆ ಹೋದೀತೆಂಬ ಹೆದರಿಕೆ. ಮಾವ ಎದುರಿದ್ದರು, ಅವರಿಗೆ ಕಂಡಿರಬೇಕು. ಮೀಸೆಯಡಿಯಲ್ಲಿ ನಕ್ಕ ಹಾಗಿತ್ತು.

ದೀಪಾವಳಿ ಕಳೆದು ಮಂಗಳೂರಿಗೆ ಹೊರಟಾಗ ಅಪ್ಪ, ನೀವೂ ಬನ್ನಿ ಭಾವ, ಎಂದು ಮಾವನನ್ನು ಕರೆದರು. ಡಾಕ್ಟರು ನನ್ನನ್ನು ಮೇಜಿನ ಮೇಲೆ ಕೂರಿಸಿ ಎರಡೂ ಕೈ ಚಾಚಲು ಹೇಳಿದರು. ಚಾಚಿದೆ. ಎಡಗೈಯ ಪಕ್ಕ ಬಲಗೈ ಒಂದಿಷ್ಟು ಹಿಂದೆಯೇ ಉಳಿದಿತ್ತು, ಬಾಗಿದ ಬಿದಿರಿನ ಹಾಗೆ ಸಣ್ಣ ಬಾಗು. ನನ್ನ ಕಣ್ಣು ಆ ಬಾಗಿನ ಮೇಲೆಯೇ ಇತ್ತು. ಡಾಕ್ಟರು ಮೊಣಕೈ ಮುಟ್ಟಿ ನೋಡಿದರು, ಮಡಚಿಸಿದರು, ಚಾಚಿಸಿದರು, ಕನ್ನಡಕ ತೆಗೆದು ಒರಸಿಕೊಂಡರು.

"ಸ್ವಲ್ಪ ಬಾಗು ಉಳಿಯಬಹುದು. ಇರಲಿ. ಮುರಿಯುವುದು ಬೇಡ," ಎಂದರು. "ಯಾವ ಎಣ್ಣೆ ತಿಕ್ಕಿದಿರಿ?"

"ಎಣ್ಣೆ ಅಲ್ಲ," ಎಂದರು ಅಪ್ಪ. "ಗಾಲ್ಫ್."

ಡಾಕ್ಟರಿಗೆ ಅರ್ಥವಾಗಲಿಲ್ಲ. ಮಾವ ಎದ್ದು ನಿಂತು, ಅಪ್ಪನ ಕೊಡೆಯನ್ನು ಹಿಡಿದು, ಆ ಕೋಣೆಯಲ್ಲೇ ಒಮ್ಮೆ ಎತ್ತಿ ತೋರಿಸಿದರು. ಇಳಿಸುವಾಗಲೂ ಅಷ್ಟೇ ನಿಧಾನ. ಡಾಕ್ಟರು ನಗುತ್ತಾ ಕೇಳಿದರು, ಹೊಡೆಯುವುದಿಲ್ಲವಾ ಎಂದು. ಮನೆಯಲ್ಲಿ ಬಿಡುವುದಿಲ್ಲ ಎಂದರು ಮಾವ. ಡಾಕ್ಟರ ನಗು ನಿಂತಿತು. ಬಿಡದಿದ್ದದ್ದು ಒಳ್ಳೆಯದಾಯಿತು, ಈ ಕೈಯಲ್ಲಿ ನೆಲಕ್ಕೆ ಹೊಡೆದಿದ್ದರೆ ಆ ಪೆಟ್ಟಿಗೆ ಮೊಣಕೈ ಹೋಗುತ್ತಿತ್ತು ಎಂದರು.

ಮನೆಗೆ ಬಂದು ಅಪ್ಪ ಇದನ್ನು ಅಜ್ಜಿಗೆ ಹೇಳಿದರು. ಉದ್ದಿನ ಹಿಟ್ಟಿನ ಮಾತು ಬಂದಾಗಿನಿಂದ ಅವರಿಬ್ಬರ ನಡುವೆ ಮಾತು ಲೆಕ್ಕದ್ದಾಗಿತ್ತು.

"ಅತ್ತೆ, ನೀವು ಹೊಡೆಯಬೇಡ ಅಂದದ್ದೇ ಇವಳ ಕೈ ಉಳಿಸಿತು ಅಂತೆ. ಡಾಕ್ಟರೇ ಹೇಳಿದ್ದು."

"ನಾನು ಎರೆಹುಳಕ್ಕಾಗಿ ಹೇಳಿದ್ದು," ಎಂದರು ಅಜ್ಜಿ, ಒಳಗೆ ಹೋದರು.

ಮರುದಿನ ಬೆಳಿಗ್ಗೆ ಅಮ್ಮ ನನ್ನನ್ನು ಬೇಗ ಎಬ್ಬಿಸಿ ತಲೆಗೆ ನೀರು ಹೊಯ್ದಳು. ಬಾವಿಕಟ್ಟೆಯಲ್ಲಿ ಅಜ್ಜಿ ನಿಂತಿದ್ದರು. ಹಗ್ಗವನ್ನು ನನ್ನ ಕೈಗೆ ಕೊಟ್ಟರು. ನಾನು ಸೇದಿದೆ, ಅರ್ಧ ಕೊಡಪಾನವೇ ಬಂದದ್ದು, ಉಳಿದದ್ದು ದಾರಿಯಲ್ಲಿ ಚೆಲ್ಲಿತು. ಅಜ್ಜಿ ಅಷ್ಟು ನೀರನ್ನೇ ಸೋಸಿದರು. ಸೋಸಿದ ಮೇಲೆ ಬಟ್ಟೆಯನ್ನು ಸ್ವಲ್ಪ ನೀರಿನಲ್ಲಿ ಜಾಲಾಡಿ, ಆ ನೀರನ್ನು ಒಂದು ಪುಟ್ಟ ತಾಮ್ರದ ಪಾತ್ರೆಗೆ ಹಾಕಿದರು. ಅದರ ಬಾಯಿಗೊಂದು ದಾರ, ಬುಡಕ್ಕೊಂದು ದಾರ. ಬಟ್ಟೆಯಲ್ಲಿ ಸಿಕ್ಕಿದ ಕಣ್ಣಿಗೆ ಕಾಣದ ಜೀವಗಳು ಅದರಲ್ಲಿ ಇರುತ್ತವೆ. ಅವನ್ನು ಬಂದಲ್ಲಿಗೇ ಮರಳಿ ಬಿಡಬೇಕು, ಮೇಲಿನಿಂದ ಎರಚಬಾರದು, ಪಾತ್ರೆ ಬಾವಿಯ ಕಲ್ಲಿಗೆ ತಾಗಬಾರದು. ಕೈಯನ್ನು ಬಾವಿಯ ಮೇಲೆ ಉದ್ದಕ್ಕೆ ಚಾಚಿ, ದಾರದಲ್ಲಿ ಮೆಲ್ಲ ಇಳಿಸಿ, ನೀರು ಮುಟ್ಟಿದ ಮೇಲೆಯೇ ಬುಡದ ದಾರ ಎಳೆದು ಮಗುಚಬೇಕು. ಆ ಕೆಲಸವನ್ನು ಅಜ್ಜಿ ಅಲ್ಲಿಯವರೆಗೆ ಯಾರಿಗೂ ಕೊಟ್ಟಿರಲಿಲ್ಲ. ಅಮ್ಮನಿಗೂ ಇಲ್ಲ, ಅಕ್ಕನಿಗೂ ಇಲ್ಲ.

"ಹಿಡಿ," ಎಂದರು. "ನಿನಗೆ ನಿಧಾನ ಬರುತ್ತದೆ."

ನಾನು ಎಡಗೈಯಲ್ಲಿ ಬುಡದ ದಾರ ಹಿಡಿದು, ಬೆನ್ನು ತಿರುಗಿಸಿ, ಬಲಗೈಯನ್ನು ಬಾವಿಯ ನಡುವಿಗೆ ಚಾಚಿದೆ. ಅಜ್ಜಿ ನನ್ನ ಸೊಂಟವನ್ನು ಹಿಡಿದುಕೊಂಡಿದ್ದರು. ಪಾತ್ರೆ ಎಲ್ಲಿಗೂ ತಾಗದೆ ಕೆಳಗೆ ಹೋಯಿತು, ನೀರು ಮುಟ್ಟಿತು.